ಏಲಕ್ಕಿ ಗೂಡಲ್ಲಿ ಬೆಂದ ಕರೀ ಬಣ್ಣ

ನೋಡ್ರೋ ಹುಡುಗ್ರಾ, ನೀವು ಬೆಳಿಗ್ಗೆ ಶೆಡ್ಡಿಗೆ ಬರ್ತೀರಿ, ಮೂಗಿಗೆ ಬಟ್ಟೆ ಕಟ್ಕೋತೀರಿ, ಗನ್ನು ಹಿಡ್ದು ಬುಸ್ಸಂತ ಹೊಡೀತೀರಿ, ಸಂಜೆಗೆ ಕಾರು ಕನ್ನಡಿ. ನಿಮ್ಗೂ ಪೇಂಟರ್ ಅಂತಾರೆ, ನಂಗೂ ಪೇಂಟರ್ ಅಂತಿದ್ರು. ಮಂಗ, ಮನುಷ್ಯ ಇಬ್ರೂ ಮರ ಹತ್ತತಾರೆ ಅಂತ ಒಂದೇ ಜಾತಿಗೆ ಸೇರಿಸ್ದಂಗಾಯ್ತು. ಇದ್ರಲ್ಲಿ ಮಂಗ ಯಾರು ಅಂತ ನಾನು ಹೇಳಲ್ಲ. ನಂಗಂತೂ ವಯಸ್ಸಾಗಿದೆ, ಮರ ಹತ್ತಕ್ಕಾಗಲ್ಲ.

ಮೊನ್ನೆ ನಿಮ್ಮ ಮೇಸ್ತ್ರಿ ಮನೆಗೆ ಬಂದಿದ್ದ. "ಗುತ್ಯಪ್ಪಣ್ಣ, ನಮ್ಮ ಹುಡುಗ್ರು ಹೊರಗೆ ಚೆನ್ನಾಗೇ ಹೊಡೀತಾರೆ. ಬಾನೆಟ್ ಎತ್ತಿ ಇಂಜಿನ್ ಗೂಡಿಗೆ ಬಣ್ಣ ಹೊಡೀರೋ ಅಂದ್ರೆ ಮುಖ ಸಿಂಡರಿಸ್ತಾರೆ. ಅದನ್ನ ಯಾರು ನೋಡ್ತಾರೆ ಅಂತಾರೆ. ನಿಮ್ಮ ಕಾಲದ್ದು ಏನಾದ್ರೂ ಬರ್ದು ಕೊಡಿ, ಓದಿ ಹೇಳ್ತೀನಿ" ಅಂದ.

ಯಾರು ನೋಡ್ತಾರೆ? ನೋಡೋರು ಒಬ್ರಿದ್ರು. ಅವರು ನೋಡೋದ್ರ ಮೇಲೆ ಒಂದು ಹುಡುಗಿ ಮದುವೆನೇ ನಿಂತಿತ್ತು. ಅದನ್ನೇ ಹೇಳ್ತೀನಿ. ಆದ್ರೆ ಮೊದ್ಲು ನಾನು ಆ ಗೂಡಿನೊಳಗೆ ಹೆಂಗೆ ಬಿದ್ದೆ ಅಂತ ಹೇಳ್ಬೇಕು. ನನ್ನ ಬಗ್ಗೆ ಹೇಳ್ದೆ ಕಥೆ ಶುರು ಮಾಡಕ್ಕೆ ನಂಗೆ ಬರಲ್ಲ.

ನಾನು ಸಾಗರದ ಶೆಡ್ಡಿಗೆ ಸೇರಿದಾಗ ಈ ಕಡೆ ಮೋಟಾರು ಬೆರಳೆಣಿಕೆ. ಕಾರು ಬಂತು ಅಂದ್ರೆ ಮೊದ್ಲು ನಾಯಿ ಓಡಿ ಬರೋವು, ಆಮೇಲೆ ಮಕ್ಕಳು, ಕೊನೇಗೆ ದೊಡ್ಡೋರು ಬೇರೆ ಏನೋ ಕೆಲಸಕ್ಕೆ ಬಂದಂಗೆ ಬರೋರು. ಗನ್ನು ಗಿನ್ನು ಇರ್ಲಿಲ್ಲ. ನಾನು ಗನ್ನು ಕಂಡಿದ್ದೇ ಕಾರ್ಗಲ್ಲಿಗೆ ಅಣೆಕಟ್ಟು ಪ್ರಾಜೆಕ್ಟಿನೋರು ಬಂದ್ಮೇಲೆ. ಅಲ್ಲೀತನಕ ಎಲ್ಲಾ ಕುಂಚ. ಕುಂಚದಲ್ಲಿ ಹೊಡೆದ್ರೂ ಗೆರೆ ಕಾಣಬಾರದು. ಗೆರೆ ಕಂಡ್ರೆ ಉಸ್ತಾದ್ರು ಬಿಡ್ತಿರ್ಲಿಲ್ಲ.

ಉಸ್ತಾದ್ರು ಅಂದ್ರೆ ಬುಡನ್ ಸಾಬ್ರು. ಕುಳ್ಳ ಆಳು, ಗಡ್ಡಕ್ಕೆ ಗೋರಂಟಿ. ಹೊಗಳೋದು ಅಂದ್ರೆ ಅವ್ರಿಗೆ ಗೊತ್ತೇ ಇಲ್ಲ. ಕೆಲಸ ಕೆಟ್ಟಿದ್ರೆ "ಥೂ" ಅನ್ನೋರು. ಚೆನ್ನಾಗಿದ್ರೆ ಏನೂ ಅನ್ನದೆ ಒಂದು ಬೀಡಿ ಹಚ್ಚೋರು. ಆ ಬೀಡಿಗೋಸ್ಕರ ಶೆಡ್ಡಲ್ಲಿ ನಾವೆಲ್ಲ ಪ್ರಾಣ ಬಿಡ್ತಿದ್ವಿ. ನಾನು ಸೇರಿ ಎಷ್ಟೋ ವರ್ಷ ನನ್ನ ಕೆಲಸಕ್ಕೆ ಅವ್ರು ಬೀಡಿ ಹಚ್ಚಿರ್ಲಿಲ್ಲ. ಥೂ ಮಾತ್ರ ದಂಡಿಯಾಗಿ ಸಿಕ್ಕಿತ್ತು.

ಅದಕ್ಕೆ ಕಾರಣ ಒಂದು ನೊಣ. ಯಾರೋ ಒಬ್ರು ದೊಡ್ಡ ಸಾಹೇಬ್ರ ಕಾರು ಬಂದಿತ್ತು. ಯಾವ ಇಲಾಖೆ ಅಂತ ಹೇಳಲ್ಲ, ಅವರ ಮೊಮ್ಮಕ್ಕಳು ಇನ್ನೂ ಇದ್ದಾರೆ. ಬಣ್ಣ ಎಲ್ಲಾ ಮುಗಿದು ಒಣಗಿತ್ತು. ನನ್ನ ಕೈ ಸುಮ್ನಿರ್ಲಿಲ್ಲ. ಅಳಿಲಿನ ಬಾಲದ ಕೂದಲಿಂದ ಮಾಡಿದ್ದ ಸಣ್ಣ ಕುಂಚ ತಗೊಂಡು ಎಡಗಡೆ ಮಡ್ಗಾರ್ಡ್ ಮೇಲೆ ಒಂದು ನೊಣ ಬರ್ದೆ. ರೆಕ್ಕೆ ನರ ಸಮೇತ, ಕಾಲಿನ ನೆರಳು ಸಮೇತ. ಸಾಹೇಬ್ರು ಬಂದ್ರು. ಕರವಸ್ತ್ರ ಬೀಸಿದ್ರು. ನೊಣ ಏಳ್ಲಿಲ್ಲ. ಟೋಪಿ ತೆಗ್ದು ಹೊಡೆದ್ರು. ಊಹೂಂ. ಸುತ್ತ ನಿಂತೋರು ನೋಡ್ತಿದ್ದಾರೆ, ಸಾಹೇಬ್ರಿಗೆ ಸಿಟ್ಟು ನೆತ್ತಿಗೇರ್ತು. ಕೈಲಿದ್ದ ಬೆತ್ತದಲ್ಲಿ ಬಾರಿಸಿದ್ರು ನೋಡಿ, ಹೊಸಾ ಬಣ್ಣದ ಮಡ್ಗಾರ್ಡು ಬಟ್ಟಲಾಗಿ ಹೋಯ್ತು. ನೊಣ ಬಟ್ಟಲಿನ ನಡೂ ಮಧ್ಯೆ ಹಂಗೇ ಕೂತಿತ್ತು.

ಉಸ್ತಾದ್ರು ನನ್ನ ಕಿವಿ ಹಿಡ್ಕೊಂಡು ಹೇಳಿದ್ರು: "ಇವತ್ತಿಂದ ನೀನು ಹೊರಗಿನ ಬಣ್ಣ ಮುಟ್ಟಬೇಡ. ಒಳಗೆ ಹೋಗು. ಬಾನೆಟ್ ಅಡೀಲಿ ಎಷ್ಟು ಬೇಕಾದ್ರೂ ನೊಣ ಬರ್ಕೋ."

ಹಂಗೆ ನಾನು ಇಂಜಿನ್ ಗೂಡು ಸೇರಿದ್ದು. ಶಿಕ್ಷೆ ಅಂತ ಕೊಟ್ಟಿದ್ದು. ಆದ್ರೆ ಕೆಲವೇ ವರ್ಷದಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲೂಕಲ್ಲಿ ಆ ಕೆಲಸಕ್ಕೆ ನನ್ನಂಥೋನು ಇನ್ನೊಬ್ಬ ಇಲ್ಲ ಅನ್ನೋ ಹಂಗಾಯ್ತು. ಇದನ್ನ ಬೇರೆ ಯಾರೂ ಹೇಳ್ತಿರ್ಲಿಲ್ಲ, ಅದಕ್ಕೆ ನಾನೇ ಹೇಳ್ಕೊಂಡು ತಿರುಗ್ತಿದ್ದೆ.

ಆ ಗೂಡು ಸುಲಭದ್ದಲ್ಲ. ಕೈ ಹೋದಲ್ಲಿ ಕಣ್ಣು ಹೋಗಲ್ಲ, ಕಣ್ಣು ಹೋದಲ್ಲಿ ಕುಂಚ ಹೋಗಲ್ಲ. ವರ್ಷಾನುಗಟ್ಟಲೆ ಎಣ್ಣೆ ಕುಡಿದ ತಗಡು, ಎಷ್ಟು ತೊಳೆದ್ರೂ ಮರುದಿನ ಬೆವರ್ತದೆ. ಒಂದು ಹನಿ ಎಣ್ಣೆ ಉಳಿದ್ರೂ ಮೇಲಿನ ಬಣ್ಣ ಹಾವಿನ ಪೊರೆ ಬಿಟ್ಟಂಗೆ ಬಿಡ್ತದೆ. ಉಸ್ತಾದ್ರು ಹೇಳೋರು: "ಹೊರಗೆ ಹೊಡೆಯೋದು ಮದುವೆ ಊಟಕ್ಕೆ ಹೋದಂಗೆ. ಒಳಗೆ ಹೊಡೆಯೋದು ಸಂಸಾರ ಮಾಡ್ದಂಗೆ."

ಎರಡನೇ ಮಹಾಯುದ್ಧ ಮುಗಿದಿತ್ತು. ಒಂದಿನ ಶೆಡ್ಡಿಗೆ ಹೊಸನಗರದ ಆಚೆ ಕಡೆಯ ಧರಣೇಂದ್ರಯ್ಯನವರು ಬಂದ್ರು. ಜೈನರ ಹಳೇ ಮನೆತನ, ತೋಟ ಗದ್ದೆ ಇದ್ದೋರು, ಮಾತು ಮೆತ್ತಗೆ. ಅವತ್ತು ಮಾತ್ರ ಮುಖ ಬಾಡಿತ್ತು.

"ಉಸ್ತಾದ್, ನಮ್ಮ ಕಾರು ಎಬ್ಬಿಸ್ಬೇಕು."

"ಎಲ್ಲಿ ಮಲಗಿದೆ?"

"ಗಾಡಿ ಕೊಟ್ಟಿಗೇಲಿ, ಹುಲ್ಲಿನ ಅಡೀಲಿ. ಯುದ್ಧಕ್ಕೆ ಪೆಟ್ರೋಲು ನಿಂತಾಗಿಂದ ಮುಟ್ಟಿಲ್ಲ."

"ಹೊರಗೆ ಯಾವ ಬಣ್ಣ ಬೇಕು?"

"ಹೊರಗಿಂದು ಹೆಂಗಾದ್ರೂ ಇರ್ಲಿ ಬಿಡಿ. ಬಾನೆಟ್ ಒಳಗೆ ಕನ್ನಡಿ ಆಗ್ಬೇಕು."

ಉಸ್ತಾದ್ರು ನನ್ನ ಕಡೆ ನೋಡಿದ್ರು, ನಾನು ಉಸ್ತಾದ್ರ ಕಡೆ ನೋಡಿದೆ. ಇಂಥ ಗಿರಾಕಿ ನಾವು ಹುಟ್ಟಿದ್ಮೇಲೆ ಕಂಡಿರ್ಲಿಲ್ಲ.

ಸಂಗತಿ ಇಷ್ಟು. ಧರಣೇಂದ್ರಯ್ಯನವರ ಮಗಳು ಸುಮತಿ. ಅವ್ಳಿಗೆ ಕೋಣಂದೂರಿನ ಪಾಯಪ್ಪ ಶೆಟ್ರ ಮಗನ್ನ ಮಾತಾಡಿದ್ರು. ಪಾಯಪ್ಪ ಶೆಟ್ರು ಏಲಕ್ಕಿ ವ್ಯಾಪಾರಿ. ಏಲಕ್ಕಿಯಿಂದ ಮೇಲೆ ಬಂದ್ಮೇಲೆ ತೀರ್ಥಹಳ್ಳಿಗೆ ಬಸ್ಸು ಬಿಟ್ರು. ಬಸ್ಸು ಬಿಟ್ಟ ಮೇಲೆ ಅವ್ರಿಗೊಂದು ರೋಗ ಹತ್ಕೊಂಡ್ತು. ಯಾರ ಮನೆಗೆ ಹೋದ್ರೂ ಕಾಲು ತೊಳೆಯೋಕೆ ಮುಂಚೆ ಅವರ ಗಾಡಿ ಬಾನೆಟ್ ಎತ್ತಿ ನೋಡೋದು. "ಮುಚ್ಚಳದ ಅಡೀಲಿ ಕೊಳೆ ಇಟ್ಟೋರು ಮನೆ ಒಳಗೂ ಇಟ್ಟಿರ್ತಾರೆ" ಅನ್ನೋದು ಅವರ ಸಿದ್ಧಾಂತ. ಅದೇ ಮಗನಿಗೆ ಮುಂಚೆ ಸಾಗರದ ಕಡೆ ಒಂದು ಹೆಣ್ಣು ನೋಡಕ್ಕೆ ಹೋಗಿದ್ರಂತೆ. ಕಾರು ಹೊರಗೆ ಫಳಫಳ. ಬಾನೆಟ್ ಎತ್ತಿದ್ರೆ ಬಣ್ಣದಲ್ಲಿ ಸತ್ತ ಗುಂಗುರು ಹುಳ, ಮೂಲೇಲಿ ಇಲಿ ಹಿಕ್ಕೆ. ಬಾನೆಟ್ ಮುಚ್ಚಿ, ಕಾಫಿ ಕುಡ್ದು, ಹೆಣ್ಣಿನ ಮುಖಾನೂ ನೋಡದೆ ಎದ್ದು ಬಂದ್ರಂತೆ.

ಇಷ್ಟು ಗೊತ್ತಿದ್ದೂ ನಮ್ಮ ಧರಣೇಂದ್ರಯ್ಯನವರು ಬಸದೀಲಿ ಸಿಕ್ಕಾಗ, "ನಮ್ಮ ಕಾರು ತಂದಾಗ ಹೆಂಗಿತ್ತೋ ಹಂಗೇ ಇದೆ ಶೆಟ್ರೇ" ಅಂದ್ಬಿಟ್ಟಿದ್ರು. ಶೆಟ್ರು ನಕ್ಕು, "ಹೆಣ್ಣು ನೋಡಕ್ಕೆ ಬಂದಾಗ ನೋಡಣ" ಅಂದಿದ್ರು. ದಿನಾನೂ ಗೊತ್ತಾಗಿತ್ತು.

"ಯಾಕೆ ಹಂಗಂದ್ರಿ ಸ್ವಾಮಿ?" ಅಂದ್ರು ಉಸ್ತಾದ್ರು.

"ಬಾಯಿಂದ ಬಂದ್ಹೋಯ್ತು. ಮಗಳು ಆ ಹುಡುಗನ್ನ ಒಪ್ಪಿ ಕೂತಿದ್ದಾಳೆ. ಈ ಸಂಬಂಧ ಮುರಿದ್ರೆ ನಂಗೆ ಮನೇಲಿ ಅನ್ನ ಹಾಕಲ್ಲ."

ಉಸ್ತಾದ್ರಿಗೆ ಮೊಣಕಾಲು ನೋವು. "ಈ ಮಂಗನ್ನ ಕಳಿಸ್ತೀನಿ" ಅಂತ ನನ್ನ ತೋರಿಸಿದ್ರು. "ಕೆಲಸ ಗೊತ್ತು. ಕೈ ಒಂದು ಕಟ್ಟಿ ಹಾಕಿ. ಕೊನೇಗೆ ನಾನೇ ಬಂದು ನೋಡ್ತೀನಿ."

ನಾನು ಹೋಗಿ ಹುಲ್ಲು ಸರಿಸಿ ಬಾನೆಟ್ ಎತ್ತಿದೆ. ಚಿರ್ರ್ ಅಂತ ಏನೋ ಮುಖಕ್ಕೆ ಬಡೀತು. ಬಿದ್ದೆ ಹಿಂದಕ್ಕೆ. ಮಡಿವಾಳ ಹಕ್ಕಿ! ಇಂಜಿನ್ ಹಿಂದೆ ಗೂಡು ಕಟ್ಟಿ, ಮರಿ ಮಾಡಿತ್ತು. ಕೆಂಪು ಬಾಯಿ ಅಗಲಿಸ್ಕೊಂಡು ನಾಲ್ಕೂ ಕಿರುಚ್ತಿದ್ವು.

ಗೂಡು ಎತ್ತಿ ಕೊಟ್ಟಿಗೆ ಸೂರಿಗೆ ಸಿಕ್ಕಿಸಣ ಅಂತ ಕೈ ಹಾಕ್ದೆ. ಹಿಂದಿಂದ ಒಂದು ಧ್ವನಿ. "ಏಯ್, ಕೈ ತೆಗಿ."

ಧರಣೇಂದ್ರಯ್ಯನವರ ತಾಯಿ. ಬಿಳೀ ಸೀರೆ, ಕಡ್ಡಿಯಂಥ ಮೈ, ನೀರೂ ಸೋಸಿ ಕುಡಿಯೋ ಅಜ್ಜಿ. ಇರುವೆ ಸಾಲು ಕಂಡ್ರೆ ಸುತ್ತು ಹಾಕಿ ನಡೆಯೋರು. ಮನೆಗೆ ಯಜಮಾನ್ರು ಧರಣೇಂದ್ರಯ್ಯ, ಧರಣೇಂದ್ರಯ್ಯನಿಗೆ ಯಜಮಾನ್ರು ಅಜ್ಜಿ.

"ಮರಿ ಹಾರೋತನಕ ಆ ಗಾಡಿ ಯಾರೂ ಮುಟ್ಟಂಗಿಲ್ಲ."

"ಅಮ್ಮಾ, ಶೆಟ್ರು ಬರ್ತಾರೆ" ಅಂದ್ರು ಮಗ.

"ಬರ್ಲಿ. ಹಕ್ಕಿ ಮರೀನ ನೋಡ್ಕೊಂಡು ಹೋಗ್ಲಿ."

ಮುಗೀತು. ನಾನು ದಿನಾ ಕೊಟ್ಟಿಗೆ ಬಾಗಿಲಲ್ಲಿ ಕೂತ್ಕೊಳ್ಳೋದು, ಉಣ್ಣೋದು, ಮರಿ ನೋಡೋದು. ಸುಮತಿ ಗಳಿಗೆಗೊಂದ್ಸಲ ಬರೋಳು.

"ಪೇಂಟರೇ, ಯಾವಾಗ ಹಾರ್ತವೆ?"

"ನಾನೇನು ಅವುಗಳ ಅಪ್ಪನಾ? ಕೇಳ್ಕೊಂಡು ಬಾ."

"ನಗಬೇಡಿ. ಅವು ಹಾರದೆ ನಾನು ಹಾರಕ್ಕಾಗಲ್ಲ" ಅಂದ್ಲು. ಹುಡುಗಿ ಚುರುಕು. ಆಮೇಲೆ ನೋಡಿದ್ರೆ ತಾನೇ ಬಾಳೆಹಣ್ಣು ಕಿವುಚಿ ಗೂಡಿನ ಹತ್ರ ಇಡ್ತಿದ್ಲು, ಮರಿ ಬೇಗ ಬೆಳೀಲಿ ಅಂತ. ತಾಯಿ ಹಕ್ಕಿ ಅದನ್ನ ಮುಟ್ಟಲೇ ಇಲ್ಲ. ನಾನು ತಿಂದೆ.

ಅಂತೂ ಮರಿ ಹಾರಿದ್ವು. ಆದ್ರೆ ನಂಗೆ ಸಿಗಬೇಕಾದ ಸಮಯದಲ್ಲಿ ಅರ್ಧ ಅವೇ ತಿಂದು ಹಾರಿದ್ವು.

ಇಂಜಿನ್ ರಿಪೇರಿಗೆ ಅಂತ ಶಿವಮೊಗ್ಗದಿಂದ ಬಂದ ಫಿಟ್ಟರ್ ಇಂಜಿನ್ ಇಳಿಸಿ ಪಕ್ಕಕ್ಕಿಟ್ಕೊಂಡ. ಖಾಲಿ ಗೂಡು ನನ್ನದು. ಆ ಕಾಲದ ಕಾರಲ್ಲಿ ಇಂಜಿನ್ನಿಗೂ ಸೀಟಿಗೂ ನಡುವೆ ಇರೋ ತಗಡಿನ ಗೋಡೆ, ನಾವು ಬೆಂಕಿಗೋಡೆ ಅಂತಿದ್ವಿ, ಅದೂ ಬೋಲ್ಟಿನ ಮೇಲೆ ಕೂತಿರ್ತಿತ್ತು. ಅದನ್ನ, ಎರಡು ಪಕ್ಕದ ತಗಡನ್ನ, ಬ್ಯಾಟ್ರಿ ತಟ್ಟೇನ, ಬಾನೆಟ್ಟಿನ ರೆಕ್ಕೇನ, ಎಲ್ಲಾ ಬಿಚ್ಚಿ ಅಂಗಳಕ್ಕೆ ತಂದೆ. ಸೀಮೆಎಣ್ಣೆ ಸಿಗ್ತಿರ್ಲಿಲ್ಲ. ಅಂಟುವಾಳದ ಕಾಯಿ ನೆನೆಸಿ, ಬೂದಿ ಸೇರಿಸಿ, ತೆಂಗಿನ ನಾರಲ್ಲಿ ತಿಕ್ಕಿದೆ. ತಿಕ್ಕೋ ಕಾಗದ? ಅದೂ ಇಲ್ಲ. ಕಾಡಿಗೆ ಹೋಗಿ ಗರಗಸದ ಎಲೆ ತಂದೆ. ಮುಟ್ಟಿ ನೋಡಿ ಯಾವಾಗಾದ್ರೂ, ಬೆಕ್ಕಿನ ನಾಲಗೆ ಹಂಗಿರ್ತದೆ. ಒಣಗಿಸಿ, ನೀರು ಚಿಮುಕಿಸಿ ಉಜ್ಜಿದ್ರೆ ನಿಮ್ಮ ಅಂಗಡಿ ಕಾಗದ ಅದರ ಮುಂದೆ ರೇಷ್ಮೆ.

ಒಂದು ಕಡೆ ತುಕ್ಕು ಬಿಡ್ಲೇ ಇಲ್ಲ. ಸಿಟ್ಟಲ್ಲಿ ಎದ್ದೆ. ಅಲ್ಲೇ ಅಡಿಕೆ ಬೇಯಿಸಿದ ಚೊಗರು ಇಟ್ಟ ಮಡಕೆ ಕಾಲಿಗೆ ಸಿಕ್ಕಿ ಪೂರ್ತಿ ಬೆಂಕಿಗೋಡೆ ಮೇಲೆ ಸುರೀತು. ಅಡಿಕೆಗೆ ಬಣ್ಣ ಕೊಡೋ ಚೊಗರು, ಹೋಯ್ತು ಕೆಲಸ ಅಂದ್ಕೊಂಡೆ. ಬೆಳಿಗ್ಗೆ ನೋಡ್ತೀನಿ, ಕೆಂಪು ತುಕ್ಕೆಲ್ಲಾ ಕಪ್ಪಾಗಿ, ಕಲ್ಲಿನಂಗೆ ಕಚ್ಕೊಂಡು ಕೂತಿದೆ! ಧರಣೇಂದ್ರಯ್ಯನವರು ಬಂದು "ಇದೇನು?" ಅಂದ್ರು. "ಹೊಸ ಪದ್ಧತಿ. ವಿಲಾಯತಿಯಿಂದ ಬಂದಿದ್ದು" ಅಂದೆ. ಅಂದಿನಿಂದ ನಾನು ತುಕ್ಕಿಗೆ ಚೊಗರೇ ಬಳಿದಿದ್ದು. ಕಾಲು ತಾಗಿ ಕಲಿತ ವಿದ್ಯೆ, ಆದ್ರೂ ವಿದ್ಯೆ ವಿದ್ಯೆನೇ.

ಬೋಲ್ಟಿನ ತೂತಿಗೆಲ್ಲ ಬಾಳೆದಿಂಡಿನ ಬಿರಡೆ ಜಡಿದು ಮೊದಲನೇ ಕೋಟು ಹೊಡೆದೆ. ಆಮೇಲೆ ಶುರುವಾಯ್ತು ನಿಜವಾದ ಪೀಕಲಾಟ.

ಸಂಜೆ ಅಜ್ಜಿ ಬಂದು ತಗಡಿನ ಮೇಲೆ ಬಗ್ಗಿದ್ರು.

"ಇದೇನಪ್ಪಾ ಇದು, ಸಣ್ಣಕೆ?"

"ಗುಂಗುರು, ಅಜ್ಜಿ."

"ಯಾಕೆ ಅಲ್ಲಾಡ್ತಿಲ್ಲ?"

"ಬಣ್ಣ ಕುಡ್ದು ಮಲಗಿದೆ."

ಅಜ್ಜಿ ಕಣ್ಣಲ್ಲಿ ನೀರು. ಹಸೀ ಬಣ್ಣ ಅಂದ್ರೆ ಗುಂಗುರಿಗೆ ಜೇನು. ಬಯಲಲ್ಲಿ ಒಣಗಕ್ಕೆ ಬಿಟ್ರೆ ಬೀಳೋದೇ. ನಮ್ಗೆ ಅದು ಕೆಲಸದ ಹೊಲಸು, ಅಜ್ಜಿಗೆ ಅದು ಕೊಲೆ. "ಇನ್ನೊಂದು ಜೀವ ಇದ್ರಲ್ಲಿ ಬಿದ್ರೆ ಬಣ್ಣಾನೂ ಬೇಡ, ಬೀಗರೂ ಬೇಡ" ಅಂತ ಹೇಳಿ ಒಳಗೆ ಹೋದ್ರು.

ಇಲ್ಲಿ ಬುದ್ಧಿ ಇದ್ದೋನು ಸುಮ್ನಿರ್ಬೇಕಿತ್ತು. ನಾನು ಮೊದಲನೇ ಕೋಟು ಉಜ್ಜಿ ಸರಿ ಮಾಡ್ದೆ, ಸರಿ. ಒಣಗಿದ ತಗಡು ನೋಡಿ ಕೈ ಕಡೀತು. ಅಳಿಲಿನ ಕುಂಚ ತೆಗ್ದು ಒಂದು ಸೊಳ್ಳೆ ಬರ್ದೆ. ಹೊಟ್ಟೆ ತುಂಬಿದ ಸೊಳ್ಳೆ, ಕಾಲೆತ್ತಿಕೊಂಡು. ಅಜ್ಜಿ ಬಂದ್ರು, ನೋಡಿದ್ರು, ಸರಸರ ಒಳಗೆ ಹೋದ್ರು. ನಾನು ಒಳಗೊಳಗೇ ನಗ್ತಾ ಕೂತೆ.

ಮಧ್ಯಾಹ್ನ ಊಟಕ್ಕೆ ಹೋದ್ರೆ ಒಲೆ ತಣ್ಣಗಿದೆ.

"ಎಲ್ಲಿ ಊಟ?" ಅಂದೆ.

"ಅಜ್ಜಿ ಉಪವಾಸ. ಸೊಳ್ಳೆ ಸತ್ತಿದ್ದಕ್ಕೆ ಪ್ರಾಯಶ್ಚಿತ್ತ. ಅಜ್ಜಿ ಉಣ್ಣದೆ ನಮ್ಮನೇಲಿ ಯಾರೂ ಉಣ್ಣಲ್ಲ" ಅಂದ್ಲು ಸುಮತಿ.

ನಂಗೆ ಹೊಟ್ಟೆ ಕೂಗ್ತಿತ್ತು. ಓಡಿದೆ ಅಜ್ಜಿ ಹತ್ರ, ತಗಡು ತೋರಿಸಿ ಟರ್ಪಂಟೈನ್ ಬಟ್ಟೇಲಿ ಒಂದ್ಸಲ ಒರೆಸಿದೆ. ಸೊಳ್ಳೆ ಮಾಯ. "ನೋಡಿ ಅಜ್ಜಿ, ಬರೀ ಚಿತ್ರ. ಯಾವ ಜೀವಾನೂ ಹೋಗಿಲ್ಲ. ಏಳಿ ಊಟಕ್ಕೆ."

ಅಜ್ಜಿ ತಗಡನ್ನ ನೋಡಿದ್ರು, ನನ್ನ ನೋಡಿದ್ರು. "ಹಂಗಾದ್ರೆ ಹಿಂಸೆ ಆಗಿಲ್ಲ. ಸುಳ್ಳು ಆಗಿದೆ."

"ಹೂಂ."

"ಸುಳ್ಳಿಗೂ ಉಪವಾಸನೇ ಪ್ರಾಯಶ್ಚಿತ್ತ. ಸುಮತೀ, ಒಲೆ ಹಚ್ಚು, ಎಲ್ರಿಗೂ ಬಡಿಸು. ಪೇಂಟರಿಗೆ ನಾಳೆ."

ಅವತ್ತು ಆ ಮನೇಲಿ ಹಲಸಿನ ಹಣ್ಣಿನ ಕಡುಬು ಮಾಡಿದ್ರು ಕಣ್ರೋ. ನಾನು ವಾಸನೆ ಉಂಡೆ.

ಆ ಉಪವಾಸದಲ್ಲೇ ನಂಗೆ ಬುದ್ಧಿ ಬಂದಿದ್ದು. ಊಟದ ವಾಸನೆ ತಡೆಯಕ್ಕಾಗದೆ ಹಿತ್ತಲಿನ ಕಡೆ ನಡೆದೆ. ಅಲ್ಲಿ ಏಲಕ್ಕಿ ಗೂಡು. ನಿಮ್ಗೆ ಗೊತ್ತಿರ್ಲಿಕ್ಕಿಲ್ಲ, ಹಸಿ ಏಲಕ್ಕಿ ಒಣಗಿಸೋ ಮಣ್ಣಿನ ಕೋಣೆ. ಕಿಟಕಿ ಇಲ್ಲ. ಬೆಂಕಿ ಹೊರಗಡೆ ಉರೀತದೆ, ಒಳಗೆ ತಗಡಿನ ಕೊಳವೆ ಹಾದು ಶಾಖ ಮಾತ್ರ ಬರ್ತದೆ. ಹೊಗೆ ಇಲ್ಲ, ಗಾಳಿ ಇಲ್ಲ, ಧೂಳಿಲ್ಲ. ಬಾಗಿಲು ತೆಗ್ದು ಒಳಗೆ ತಲೆ ಹಾಕಿದೆ. ಗುಂಗುರೂ ಇಲ್ಲ!

ಓಡಿ ಬಂದು ಹೇಳ್ದೆ. ಧರಣೇಂದ್ರಯ್ಯನವರು ಬೆಚ್ಚಿದ್ರು. "ಏಲಕ್ಕಿ ಗೂಡಲ್ಲಿ ಕಾರಾ? ಈ ವರ್ಷದ ಏಲಕ್ಕಿ ಎಲ್ಲಿ ಒಣಗಿಸ್ಲಿ?"

"ಮಗಳ ಮದುವೆ ಬೇಕಾ, ಏಲಕ್ಕಿ ಬೇಕಾ?"

"ಎರಡೂ ಬೇಕು."

ಅಜ್ಜಿ ಒಳಗಿಂದ ಬಂದ್ರು. "ಆ ಶಾಖಕ್ಕೆ ಹುಳ ಬರಲ್ವಾ?"

"ಬಾಗಿಲು ಮುಚ್ಚಿದ್ರೆ ಯಮನೂ ಬರಲ್ಲ ಅಜ್ಜಿ."

"ಹಂಗಾದ್ರೆ ಅಲ್ಲೇ ಹೊಡಿ. ಆದ್ರೆ ಹಗಲು ಮಾತ್ರ ಬೆಂಕಿ. ಕತ್ತಲಾದ್ಮೇಲೆ ಬೆಂಕಿಗೆ ಹುಳ ಬಂದು ಬೀಳ್ತವೆ."

ಮೆತ್ತನೆ ಹಿಡಿಪೊರಕೆ ತಗೊಂಡು ಅಜ್ಜಿ ತಾವೇ ಗೂಡು ಗುಡಿಸಿದ್ರು. ಜೇಡಾನೂ ಇರುವೇನೂ ಒಂದೊಂದಾಗಿ ಎಲೆ ಮೇಲೆ ಹತ್ತಿಸ್ಕೊಂಡು ಹೊರಗೆ ಬಿಟ್ಟು ಬಂದ್ರು. ಇಂಥ ಕ್ಲೀನಿಂಗು ಈಗಿನ ಯಾವ ಕಂಪನೀಲೂ ಇಲ್ಲ. ಆಮೇಲೆ ನಾನು ಒದ್ದೆ ಪಂಚೆ ಸುತ್ಕೊಂಡು, ಧೂಳು ಏಳ್ದಂಗೆ ನೆಲಕ್ಕೆ ನೀರು ಚಿಮುಕಿಸಿ, ಒಳಗೇ ನಿಂತು ಕರೀ ಬಣ್ಣ ಹೊಡೆದೆ. ಹೊರಗೆ ಬಂದು ಬಾಗಿಲು ಮುಚ್ಚಿದೆ. ಆಮೇಲೇ ಬೆಂಕಿ. ಸೌದೆ ಹಾಕೋ ಕೆಲಸ ಸುಮತಿ ಬೇರೆ ಯಾರಿಗೂ ಕೊಡ್ಲಿಲ್ಲ. ಕೆನ್ನೆಗೆ ಮಸಿ ಬಳ್ಕೊಂಡು, "ಜಾಸ್ತಿ ಆಯ್ತಾ? ಕಮ್ಮಿ ಆಯ್ತಾ?" ಅಂತ ಕೇಳ್ತಾನೇ ಇದ್ಲು. ಒಂದು ಕೋಟು, ಬೇಯಿಸೋದು, ಗರಗಸದೆಲೇಲಿ ಹಗೂರಕ್ಕೆ ಉಜ್ಜೋದು, ಮತ್ತೊಂದು ಕೋಟು.

ಕೊನೇ ಕೋಟು ಬೇಯ್ತಿದ್ದಾಗ ಉಸ್ತಾದ್ರು ಗಾಡಿ ಇಳಿದ್ರು. ಮರುದಿನ ಶೆಟ್ರು ಬರೋದು.

"ಎಲ್ಲೋ ತಗಡು?"

"ಬೇಯ್ತಿದೆ ಉಸ್ತಾದ್."

"ಬೇಯ್ತಿದೆ? ನಿನಗೆ ಕಾರು ಪೇಂಟ್ ಮಾಡಕ್ಕೆ ಕಳಿಸಿದ್ನಾ, ಬಿರಿಯಾನಿ ಮಾಡಕ್ಕೆ ಕಳಿಸಿದ್ನಾ?" ಊರುಗೋಲು ಎತ್ತಿದ್ರು. ಧರಣೇಂದ್ರಯ್ಯನವರು ಅಡ್ಡ ನಿಂತ್ರು. ಅಜ್ಜಿ ಬಂದು "ಹೊಡೀಬೇಡಪ್ಪಾ, ಅವನೂ ಒಂದು ಜೀವ" ಅಂದ್ರು. ಆ ಮನೇಲಿ ನಾನು ಗುಂಗುರಿನ ಸಮ ಆದೆ ಅಂತ ಅವತ್ತೇ ಗೊತ್ತಾಗಿದ್ದು.

ತಣ್ಣಗಾದ್ಮೇಲೆ ಬಾಗಿಲು ತೆಗೆದ್ವಿ. ಹುಡುಗ್ರಾ, ಏನು ಹೇಳ್ಲಿ. ಬೆಂಕಿಗೋಡೆ ಬಾವಿ ನೀರಿನಂಗೆ ನಿಂತಿತ್ತು. ಉಸ್ತಾದ್ರ ಕೆಂಪು ಗಡ್ಡ ಅದರಲ್ಲಿ ಕೂದಲು ಕೂದಲಾಗಿ ಕಾಣ್ತಿತ್ತು. ಉಗುರಲ್ಲಿ ತಟ್ಟಿದ್ರೆ ಗಾಜಿನ ಸದ್ದು. ಉಸ್ತಾದ್ರು ಬೀಡಿ ಕಟ್ಟಿಗೆ ಕೈ ಹಾಕಿದ್ರು.

ಕೈ ಅಲ್ಲೇ ನಿಂತು ಹೋಯ್ತು. "ಇದೇನು?"

ಎಡಗಡೆ ಮೇಲಿನ ಮೂಲೇಲಿ ಒಂದು ಉಬ್ಬು. ಗೂಡಿನ ಅಟ್ಟದ ಸಂದೀಲಿ ಸಿಕ್ಕೊಂಡಿದ್ದ ಒಂದು ಏಲಕ್ಕಿ ಕಾಳು, ಯಾವ ಮಾಯದಲ್ಲೋ ಉದುರಿ, ಹಸೀ ಬಣ್ಣಕ್ಕೆ ಅಂಟಿ, ಅದರ ಜೊತೆಗೇ ಬೆಂದು ಕೂತಿತ್ತು.

"ಥೂ" ಅಂದ್ರು ಉಸ್ತಾದ್ರು.

ಕಿತ್ರೆ ಗುಳಿ ಬೀಳ್ತದೆ. ಗುಳಿ ತುಂಬಿ, ಉಜ್ಜಿ, ಮತ್ತೆ ಹೊಡೆದು ಬೇಯಿಸಕ್ಕೆ ಸಮಯ ಇಲ್ಲ, ಇಂಜಿನ್ ಕೂರಿಸ್ಬೇಕು. ಸುಮತಿ ಮುಖ ಬೆಳ್ಳಗಾಯ್ತು. "ಅವ್ರು ನೋಡೇ ನೋಡ್ತಾರೆ" ಅಂದ್ಲು. ಫಿಟ್ಟರ್ ಹಂಗೇ ಜೋಡಿಸ್ದ.

ಪಾಯಪ್ಪ ಶೆಟ್ರು ಬಂದ್ರು. ದೊಡ್ಡ ಹೊಟ್ಟೆ, ಸಣ್ಣ ಕಣ್ಣು. ಕಾಲಿಗೆ ನೀರು ಕೊಡಕ್ಕೆ ಬಂದ್ರೆ "ಇರ್ಲಿ, ಮೊದ್ಲು ಗಾಡಿ" ಅಂದ್ರು. ಬಾನೆಟ್ ಎತ್ತಿದ್ರು. ಅಷ್ಟೊತ್ತಿಗೆ ನಾವು ಇಂಜಿನ್ ಓಡಿಸಿ ನೋಡಿದ್ವಿ, ಗೂಡು ಬೆಚ್ಚಗಿತ್ತು. ಘಮ್ ಅಂತ ಪಾಯಸದ ವಾಸನೆ ಎದ್ದು ಬಂತು.

ಶೆಟ್ರ ಮೂಗು ಅರಳ್ತು. ಬಗ್ಗಿ, ಕಣ್ಣು ಕಿರಿದು ಮಾಡಿ, ಇಂಚು ಇಂಚೂ ನೋಡ್ತಾ ಬಂದ್ರು. ಆ ಕಡೆಯಿಂದ ಅಜ್ಜೀನೂ ಬಂದು ಇನ್ನೊಂದು ಪಕ್ಕದಲ್ಲಿ ಬಗ್ಗಿದ್ರು.

"ಏನು ಹುಡುಕ್ತಿದ್ದೀರಿ?" ಅಂದ್ರು ಅಜ್ಜಿ.

"ಹುಳ."

"ನಾನೂ ಅದನ್ನೇ."

ಇಬ್ರೂ ಗೂಡಿನೊಳಗೆ ತಲೆ ಹಾಕಿ ಹುಡುಕಿದ್ರು. ಒಬ್ರಿಗೆ ಹುಳ ಸಿಕ್ಕಿದ್ರೆ ಕೆಲಸ ಕೆಟ್ಟಂಗೆ, ಇನ್ನೊಬ್ರಿಗೆ ಜನ್ಮ ಕೆಟ್ಟಂಗೆ. ಕೊನೇಗೆ ಶೆಟ್ರ ಬೆರಳು ಎಡಗಡೆ ಮೂಲೆಗೆ ಬಂತು. ಅಲ್ಲೇ ನಿಂತಿತು.

"ಇದೇನು?"

ನಾನು ಒಂದು ಒಳ್ಳೇ ಸುಳ್ಳು ತಯಾರು ಮಾಡ್ಕೊಂಡು ಬಾಯಿ ತೆಗ್ದೆ. ಉಸ್ತಾದ್ರು ನನ್ನ ಕಾಲು ತುಳಿದ್ರು. ಅಜ್ಜಿ ಮುಂದೆ ಸುಳ್ಳು ಹೇಳಿ ಇನ್ನೊಂದು ಊಟ ಕಳ್ಕೊಳ್ಳೋ ಧೈರ್ಯ ನಂಗೂ ಇರ್ಲಿಲ್ಲ.

ಬಾಗಿಲ ಹಿಂದಿಂದ ಸುಮತಿ ಅಂದ್ಲು: "ಏಲಕ್ಕಿ, ಮಾವ."

ಇನ್ನೂ ಹೆಣ್ಣು ನೋಡಿಲ್ಲ, ತಾಂಬೂಲ ಬದಲಾಯಿಸಿಲ್ಲ, ಆಗ್ಲೇ ಮಾವ! ಧರಣೇಂದ್ರಯ್ಯನವರು ಕಂಬ ಹಿಡ್ಕೊಂಡ್ರು. ಶೆಟ್ರು ನಿಧಾನಕ್ಕೆ ತಿರುಗಿದ್ರು.

"ಯಾವ ತೋಟದ್ದು?"

"ನಮ್ದೇ. ಬಣ್ಣ ಒಣಗಿಸಿದ್ದು ಏಲಕ್ಕಿ ಗೂಡಲ್ಲಿ. ಸೌದೆ ಹಾಕಿದ್ದು ನಾನು. ಕಾಳು ಮೇಲಿಂದ ಬಿತ್ತು. ಬೇಕಾದ್ರೆ ತಿಂದು ನೋಡಿ" ಅಂದ್ಲು.

ವ್ಯಾಪಾರಿ ಬುದ್ಧಿ ನೋಡಿ. ಏಲಕ್ಕಿ ಅಂದ ಕೂಡ್ಲೇ ಶೆಟ್ರ ಹೆಬ್ಬೆರಳ ಉಗುರು ತಾನಾಗೇ ಹೋಯ್ತು. ಚಟ್ ಅಂತ ಕಾಳು ಎಬ್ಬಿಸಿದ್ರು. ಬಣ್ಣದ ಸಿಪ್ಪೆ ತೆಗೆದ್ರು. ಬಾಯಿಗೆ ಹಾಕ್ಕೊಂಡು, ಕಣ್ಣು ಮುಚ್ಚಿ ಅಗಿದ್ರು. ನಾವು ಅವರ ದವಡೆ ನೋಡ್ತಾ ನಿಂತಿದ್ವಿ.

"ಟರ್ಪಂಟೈನ್ ಸ್ವಲ್ಪ ಮುಂದಿದೆ" ಅಂದ್ರು. "ಏಲಕ್ಕಿ ಒಂದನೇ ನಂಬರು."

ಆಮೇಲೆ ಬಾನೆಟ್ ಇಳಿಸಿದ್ರು. "ಎಷ್ಟೋ ಕಾರು ನೋಡಿದ್ದೀನಿ ಧರಣೇಂದ್ರಯ್ಯ. ಬಣ್ಣದಲ್ಲಿ ಸಿಕ್ಕಿದ್ದನ್ನ ಬಾಯಿಗೆ ಹಾಕ್ಕೊಳ್ಳೋ ಹಂಗಿದ್ದ ಕಾರು ಇದೊಂದೇ."

"ಒಳಗೆ ಬನ್ನಿ, ಹುಡುಗಿ ನೋಡೋ ಶಾಸ್ತ್ರ" ಅಂದ್ರು ಧರಣೇಂದ್ರಯ್ಯ, ಇನ್ನೂ ಕಂಬ ಬಿಡದೆ.

"ಮಾವ ಅಂತ ಕರೆದಾಯ್ತಲ್ರೀ, ಇನ್ನೇನು ನೋಡೋದು? ಕಾಲಿಗೆ ನೀರು ಕೊಡಿ."

ನಾನು ತಿರುಗಿ ನೋಡ್ತೀನಿ, ಉಸ್ತಾದ್ರು ಇಲ್ಲ. ಹುಡುಕ್ಕೊಂಡು ಹೋದ್ರೆ, ಅಜ್ಜಿ ಕಣ್ಣಿಗೆ ಬೀಳ್ದಂಗೆ ಗಾಡಿ ಕೊಟ್ಟಿಗೆ ಹಿಂದೆ ಕೂತು ಬೀಡಿ ಸೇದ್ತಿದ್ರು. ನಾನು ಎದುರಿಗೆ ಕೂತೆ. ಅರ್ಧ ಸೇದಿ ಮಿಕ್ಕಿದ್ದನ್ನ ನನ್ನ ಕಡೆ ಚಾಚಿದ್ರು. ನಂಗೆ ಬೀಡಿ ಅಭ್ಯಾಸ ಇಲ್ಲ. ಆದ್ರೂ ಸೇದಿದೆ. ಕೆಮ್ಮಿ ಕಣ್ಣಲ್ಲಿ ನೀರು ಬಂತು. ಕೆಮ್ಮಿಗೇ ಬಂದಿದ್ದು, ನೀವು ಬೇರೆ ಏನೂ ತಿಳ್ಕೋಬೇಡಿ.

ಆ ವರ್ಷ ಆ ಗೂಡಲ್ಲಿ ಒಣಗಿಸಿದ ಏಲಕ್ಕಿಯೆಲ್ಲಾ ಕಾರಿನ ವಾಸನೆ ಹೊಡೀತು. ಯಾವ ವ್ಯಾಪಾರಿನೂ ಮುಟ್ಲಿಲ್ಲ. ಬೀಗರ ಏಲಕ್ಕಿ ಅಂತ ಪಾಯಪ್ಪ ಶೆಟ್ರೇ ಕೊಂಡ್ಕೋಬೇಕಾಯ್ತು. ಬಾನೆಟ್ ಎತ್ತಿ ನೋಡೋ ರೋಗ ಅವ್ರಿಗೆ ಅಲ್ಲಿಗೆ ಸ್ವಲ್ಪ ಇಳೀತು.

ನಂಗೆ ಮಾತ್ರ ಹೆಸರು ಬಂತು. ಸಾಗರದ ಗುತ್ಯಪ್ಪ ಬಣ್ಣಕ್ಕೆ ಏಲಕ್ಕಿ ಅರೆದು ಹಾಕ್ತಾನೆ, ಅದಕ್ಕೇ ಆ ಹೊಳಪು ಅಂತ ತೀರ್ಥಹಳ್ಳಿ ತನಕ ಸುದ್ದಿ ಹೋಯ್ತು. ನಾನು ಇಲ್ಲ ಅನ್ಲಿಲ್ಲ. ಹೂಂ ಅಂತಾನೂ ಅನ್ಲಿಲ್ಲ, ಅಜ್ಜಿ ನೆನಪಾಗಿ. ಕಾರು ತರೋರು ಜೊತೆಗೆ ಪೊಟ್ಟಣದಲ್ಲಿ ಏಲಕ್ಕಿ ತರೋರು. ಶೆಡ್ಡಲ್ಲಿ ವಾರಕ್ಕೊಂದ್ಸಲ ಪಾಯಸ. ಶೆಡ್ಡಿನ ಹಿತ್ತಲಲ್ಲಿ ಏಲಕ್ಕಿ ಗೂಡಿನಂಥದ್ದೇ ಒಂದು ಒಲೆಗೂಡು ಕಟ್ಟಿಸ್ಕೊಂಡಿದ್ದೆ, ತಗಡು ಅದರಲ್ಲಿ ಬೇಯೋದು, ಪಾಯಸ ಅದರ ಪಕ್ಕದಲ್ಲಿ.

ಸುಮತಿ ಗಂಡನ ಮನೆಗೆ ಹೋಗಿದ್ದು ಅದೇ ಕಾರಲ್ಲಿ. ಎಷ್ಟೋ ವರ್ಷ ಆದ್ಮೇಲೆ ಆ ಕಾರು ಮತ್ತೆ ನನ್ನ ಕೈಗೆ ಬಂತು, ಅಷ್ಟೊತ್ತಿಗೆ ಆಕೆ ಎರಡು ಮಕ್ಕಳ ತಾಯಿ, ಶೆಟ್ರ ಬಸ್ಸಿನ ವ್ಯವಹಾರವೆಲ್ಲ ಆಕೆ ಕೈಯಲ್ಲೇ. "ಪೇಂಟರೇ, ಎಲ್ಲಾ ಹೊಸದಾಗಿ ಹೊಡೀರಿ. ಎಡಗಡೆ ಮೂಲೆ ಗುಳಿ ಮಾತ್ರ ಮುಚ್ಚಬೇಡಿ" ಅಂದ್ರು. ಮುಚ್ಚಲಿಲ್ಲ.

ಅಲ್ಲಿಂದ ಶುರು ನನ್ನ ಇನ್ನೊಂದು ಚಾಳಿ. ಆಮೇಲೆ ನಾನು ಹೊಡೆದ ಎಲ್ಲಾ ಇಂಜಿನ್ ಗೂಡಲ್ಲೂ ಬೆಂಕಿಗೋಡೆ ಎಡಗಡೆ ಮೇಲಿನ ಮೂಲೇಲಿ, ಕೊನೇ ಕೋಟಿನ ಅಡೀಲಿ, ಒಂದು ಕಾಳು ಕೂರಿಸ್ತಿದ್ದೆ. ಚಿತ್ರಗಾರ ಸಹಿ ಹಾಕ್ತಾನಲ್ಲ, ಹಂಗೆ. ಯಾರು ನೋಡ್ತಾರೆ ಅಂತ ಕೇಳಿದ್ರಲ್ಲ ನೀವು? ಹೋಗಿ ನೀವೇ ನೋಡಿ. ಹೊಸನಗರ, ತೀರ್ಥಹಳ್ಳಿ ಕಡೆ ಯಾವುದಾದ್ರೂ ಹಳೇ ಕಾರು ಎಬ್ಬಿಸಕ್ಕೆ ಬಂದ್ರೆ ಬಾನೆಟ್ ಎತ್ತಿ ಆ ಮೂಲೇಲಿ ಬೆರಳಾಡಿಸಿ. ಉಬ್ಬು ಸಿಕ್ಕಿದ್ರೆ ಆ ಕೆಲಸ ನನ್ನದು, ಕೈ ಮುಗೀರಿ. ಉಗುರಲ್ಲಿ ಎಬ್ಬಿಸಿ ಬಾಯಿಗೆ ಹಾಕ್ಕೊಳ್ಳೋಕೆ ಮುಂಚೆ ಮಾತ್ರ, ಆ ಕಾರಿನ ಯಜಮಾನ್ರು ನನ್ನ ಜೊತೆ ಹೆಂಗಿದ್ರು ಅಂತ ಯಾರನ್ನಾದ್ರೂ ಕೇಳ್ಕೊಳ್ಳಿ. ಎಲ್ರಿಗೂ ನಾನು ಏಲಕ್ಕಿ ಇಟ್ಟಿಲ್ಲ. ಬಾಯಿ ಉರಿಸೋ ಸೂಜಿಮೆಣಸಿಗೂ ಕರೀ ಬಣ್ಣ ಚೆನ್ನಾಗೇ ಹಿಡೀತದೆ.